ನಡೆ ಸರಿಯಿಲ್ಲ

ಪರದೇಶದ ಆ ಊರಿನಲ್ಲಿ, ರಸ್ತೆ ಪಕ್ಕ ಹಾಕಿದ್ದ ಬಿಳಿ ಟೆಂಟಿನೊಳಗೆ, ಎದೆಗೊಂದು ಬೆನ್ನಿಗೊಂದು ನಂಬರ್ ಚೀಟಿ ಪಿನ್ನಿನಿಂದ ಚುಚ್ಚಿಕೊಂಡು ಮುಕ್ಕಾಲು ಗಂಟೆ ಕೂತಿದ್ದೆ. ನನ್ನದು ನಡಿಗೆ ಸ್ಪರ್ಧೆ. ಓಟವಲ್ಲ, ನಡಿಗೆ. ಹೀಗೆಂದಾಗ ನಮ್ಮ ಕಡೆಯವರು ನಗುತ್ತಾರೆ. 'ನಡ್ಯಕ್ಕೂ ಪ್ರೈಜಾ? ಅಂಗಾದ್ರೆ ನಮ್ಮೆಮ್ಮೆಗೂ ಒಂದು ಕೊಡ್ಸು' ಅಂದವರಿದ್ದಾರೆ. ಎಮ್ಮೆಯನ್ನು ಬನ್ನೂರಿನಿಂದ ನರಸೀಪುರದವರೆಗೆ ಒಂದೂವರೆ ಗಂಟೆಯಲ್ಲಿ ನಡೆಸಿ ತೋರಿಸಲಿ, ಪ್ರೈಜು ನಾನೇ ಕೊಡುತ್ತೇನೆ.

ನಿಯಮ ಎರಡೇ. ಒಂದು ಕಾಲು ಸದಾ ನೆಲ ಮುಟ್ಟಿರಬೇಕು. ಮುಂದಿಟ್ಟ ಕಾಲಿನ ಮಂಡಿ ಮಡಿಸಬಾರದು. ಹಾಗೆ ಬಿರುಸಾಗಿ ನಡೆದರೆ ಸೊಂಟ ತಾನಾಗಿ ಆಡುತ್ತದೆ, ಆಡಲೇಬೇಕು. ಅವತ್ತು ದಾರಿಯುದ್ದಕ್ಕೂ ನಮ್ಮ ಕಾಲು ನೋಡಲು ಎಂಟು ಜನ ತೀರ್ಪುಗಾರರಿದ್ದರು. ಮೂವರು ಕೆಂಪು ಚೀಟಿ ಬರೆದರೆ ಆಟದಿಂದ ಹೊರಗೆ. ಆ ಭಯ ಟೆಂಟಿನಲ್ಲಿದ್ದ ಎಲ್ಲರಿಗೂ ಇತ್ತು. ಆದರೆ ನಾನು ಹೊರಗೆ ಬಿದ್ದರೆ ಊರಿನಲ್ಲಿ ಒಂದು ಮಾತು ಬಾಯಿ ತೆರೆದು ಕಾಯುತ್ತಿತ್ತು.

ಕಾಯುವಾಗ ಬೇರೇನು ಮಾಡಲಿ, ಪಕ್ಕದವರನ್ನು ನೋಡಿದೆ. ಒಬ್ಬಳು ಶೂ ಲೇಸು ಬಿಚ್ಚಿ ಕಟ್ಟಿ, ಮತ್ತೆ ಬಿಚ್ಚಿ ಕಟ್ಟುತ್ತಿದ್ದಳು. ಒಬ್ಬಳು ತೊಡೆಗೆ ವ್ಯಾಸಲೀನ್ ಬಳಿದುಕೊಂಡು ಕಣ್ಣು ಮುಚ್ಚಿದ್ದಳು. ಎದುರಿಗಿದ್ದ ಉದ್ದನೆಯ ಹುಡುಗಿ ನನ್ನನ್ನೇ ನೋಡಿ ನಕ್ಕಳು. ಅವಳ ಭಾಷೆ ನನಗಿಲ್ಲ, ನನ್ನದು ಅವಳಿಗಿಲ್ಲ. ಇದ್ದಕ್ಕಿದ್ದಂತೆ ಎದ್ದು ನಿಂತು ಸೊಂಟ ಆಡಿಸುತ್ತ ಎರಡು ಹೆಜ್ಜೆ ನಡೆದಳು. ಆಮೇಲೆ ತಾನೇ ತನ್ನೂರಿನವರಂತೆ ಬೆರಳು ತೋರಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕು ತೋರಿಸಿದಳು. ನಾನು ಎದೆ ತಟ್ಟಿಕೊಂಡು ನಮ್ಮೂರಲ್ಲೂ ಹಾಗೇ ಎಂದೆ. ಕನ್ನಡದಲ್ಲೇ ಹೇಳಿದ್ದು, ಅವಳಿಗೆ ಅರ್ಥವಾಯಿತು.

ಆದರೆ ಅವಳಿಗೆ ಇಲ್ಲದ ಒಂದು ಪೀಡೆ ನನಗಿತ್ತು. ಅದನ್ನು ಕೈಬಾಯಿ ಆಡಿಸಿ ತೋರಿಸಲು ಬರುವುದಿಲ್ಲ. ನಮ್ಮ ಭಾಷೆಯಲ್ಲಿ ನಡೆ ಅಂದರೆ ಕಾಲಿನದೂ ಹೌದು, ಗುಣದ್ದೂ ಹೌದು.

ನಾಲ್ಕು ವರ್ಷದ ಕೆಳಗೆ ನಂಜನಗೂಡಿನಲ್ಲಿ ಒಂದು ಕ್ರೀಡಾಕೂಟ. ಕೊನೆಯ ಸುತ್ತಿನಲ್ಲಿ ಸುಸ್ತಾಗಿ ಮಂಡಿ ಮಡಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಾಗೆ ಅನ್ನುವುದಿಲ್ಲ, ತಪ್ಪು ನನ್ನದೇ. ಮೈಕ್ ಹಿಡಿದಿದ್ದ ಮೇಷ್ಟ್ರು, 'ಏಳನೇ ನಂಬರ್, ನಡೆ ಸರಿಯಿಲ್ಲ, ಹೊರಗೆ' ಎಂದು ಕೂಗಿದರು. ನಮ್ಮ ಎದುರುಮನೆ ಅಣ್ಣ ಏನೋ ಕೆಲಸಕ್ಕೆ ನಂಜನಗೂಡಿಗೆ ಬಂದವನು ಬೇಲಿ ಪಕ್ಕ ನಿಂತು ನೋಡುತ್ತಿದ್ದ. ಪಾಪ, ನನ್ನ ಮೇಲಿನ ಮರುಕದಿಂದಲೇ ಹೆಂಡತಿಗೆ ಫೋನ್ ಮಾಡಿದ. 'ಉಡ್ಗಿ ನಡೆ ಸರಿಯಿಲ್ಲ ಅಂತ ಮೈಕಲ್ಲೇ ಯೋಳಿ ಆಚ್ಗಾಕ್ಬುಟ್ರು ಕಣೆ.'

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ಕಷ್ಟ. ನಾನು ನರಸೀಪುರದಲ್ಲಿ ಇಳಿದು, ಬನ್ನೂರು ಬಸ್ಸಿಗೆ ಕಾದು, ಊರು ಮುಟ್ಟುವಷ್ಟರಲ್ಲಿ ಮಾತು ನನಗಿಂತ ಮೊದಲೇ ಮುಟ್ಟಿತ್ತು. ಅವನ ಹೆಂಡತಿ ಅದನ್ನು ಹಾಲಿನ ಡೈರಿಯಲ್ಲಿ ಇಳಿಸಿದ್ದಳು. ಮೈಕಿನಲ್ಲಿ ಹೇಳಿದ್ದಾರೆ ಎಂದ ಮೇಲೆ ಸಾಕ್ಷಿ ಬೇರೆ ಬೇಕೆ? ಚಿಕ್ಕಯ್ಯನಛತ್ರದಿಂದ ನನ್ನನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಬರುವುದಿಲ್ಲವೆಂದು ಹೇಳಿ ಕಳಿಸಿದರು. ಆ ಗಂಡು ತಪ್ಪಿದ್ದಕ್ಕೆ ನನಗೆ ಕಾಸಿನಷ್ಟೂ ದುಃಖವಾಗಲಿಲ್ಲ. ಆದರೆ ಅವ್ವ ಡೈರಿಗೆ ಹೋಗುವುದನ್ನು ಬಿಟ್ಟಳು. ಎಲ್ಲರೂ ಹಾಲು ಹಾಕಿ ಹೋದ ಮೇಲೆ ನನ್ನ ಕೈಲಿ ಕ್ಯಾನು ಕಳಿಸುತ್ತಿದ್ದಳು. 'ತಲೆ ತಗ್ಸಿ ನಡಿ' ಅನ್ನುತ್ತಿದ್ದಳು. ನನಗೆ ಉರಿದುಹೋಗುತ್ತಿತ್ತು. ತಲೆ ತಗ್ಗಿಸಿದರೆ ಬೆನ್ನು ಬಾಗುತ್ತದೆ, ಬೆನ್ನು ಬಾಗಿದರೆ ಮಂಡಿ ಮಡಚಿಕೊಳ್ಳುತ್ತದೆ. ನಮ್ಮ ಆಟದಲ್ಲಿ ತಲೆ ತಗ್ಗಿಸುವುದೇ ತಪ್ಪಿಗೆ ಮೂಲ.

ಒಂದು ವಾರವಾದ ಮೇಲೆ ಅವ್ವ ತಾನೇ ಕೇಳಿದಳು. 'ಅಲ್ಲಿ ಏನ್ ತಪ್ಪು ಮಾಡ್ದೆ, ನಿಜ ಯೋಳು.'

ಬಾಯಲ್ಲಿ ಹೇಳಲಿಲ್ಲ. ಬೆಳಿಗ್ಗೆ ಅವಳು ಹುಲ್ಲಿಗೆ ಹೊರಟಾಗ ನಾಲೆ ಏರಿಗೆ ಕರೆದುಕೊಂಡು ಹೋದೆ. ಅವಳನ್ನು ತೂಬಿನ ಕಲ್ಲಿನ ಮೇಲೆ ಕೂರಿಸಿ, ಸರಿಯಾಗಿ ಒಂದು ಸಲ, ಮಂಡಿ ಮಡಿಸಿ ಒಂದು ಸಲ, ಎರಡೂ ಕಾಲು ನೆಲ ಬಿಟ್ಟು ಒಂದು ಸಲ ನಡೆದು ತೋರಿಸಿದೆ. ಅವ್ವ ಕುಡುಗೋಲು ಮಡಿಲಲ್ಲಿಟ್ಟುಕೊಂಡು, ಹಸುವಿನ ಕೆಚ್ಚಲು ನೋಡುವಷ್ಟು ಗಮನವಿಟ್ಟು ನನ್ನ ಕಾಲು ನೋಡಿದಳು.

'ಇಷ್ಟೇಯಾ?' ಅಂದಳು. 'ಮಂಡಿ ಮಡಿಸ್ದೆ ಅಂತ್ಲಾ? ಇದ್ಕಾ ಊರೆಲ್ಲ ಬಾಯಿ?' ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಮರುದಿನದಿಂದ ದಿನಾ ಹುಲ್ಲು ಕೊಯ್ಯುತ್ತ ಏರಿಯ ಕೆಳಗಿನಿಂದಲೇ ಕೂಗತೊಡಗಿದಳು. 'ಎತ್ತುದ್ಯಾ ಕಣೆ! ಎರಡ್ ಕಾಲೂ ಎತ್ತುದ್ಯಾ!' ಏರಿಯ ಕೆಳಗಿದ್ದವರಿಗೆ ಕಾಲೇ ಚೆನ್ನಾಗಿ ಕಾಣುತ್ತದೆ. ಅಂಥ ತೀರ್ಪುಗಾರರು ನನಗೆ ಆಮೇಲೆ ಎಲ್ಲೂ ಸಿಗಲಿಲ್ಲ.

ಊರು ಮಾತ್ರ ಬದಲಾಗಲಿಲ್ಲ. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ನಾನು ಪರದೇಶಕ್ಕೆ ಹೊರಟಾಗ ಹಾರ ಹಾಕಿದವರೇ ಬೆನ್ನ ಹಿಂದೆ ಆ ಹಳೇ ಮಾತನ್ನೂ ಆಡಿಕೊಂಡರು. ಹೀಗಾಗಿ ಟೆಂಟಿನಲ್ಲಿ ಕೂತಿದ್ದಾಗ, ಇಲ್ಲಿಂದಲೂ ಹೊರಗೆ ಹಾಕಿದರೆ ಅದೇ ಮಾತು ಮತ್ತೆ ಡೈರಿಗೆ ಬರುತ್ತದೆ, ಅವ್ವ ಮತ್ತೆ ಕ್ಯಾನನ್ನು ಬೇರೆಯವರ ಕೈಲಿ ಕಳಿಸುತ್ತಾಳೆ ಎಂದು ಹೆದರಿದ್ದೆ. ಸುಳ್ಳೇಕೆ ಹೇಳಲಿ?

ಟೆಂಟಿನ ಪರದೆ ಎತ್ತಿ ಒಬ್ಬಾಕೆ ನಂಬರುಗಳನ್ನು ಕೂಗತೊಡಗಿದಳು. ಒಬ್ಬೊಬ್ಬರೇ ಎದ್ದರು. ಒಳಗೆ ಫೋನ್ ತರುವ ಹಾಗಿರಲಿಲ್ಲ; ಅದಕ್ಕೇ ಬೆಳಿಗ್ಗೆ ಬಂದ ಅವ್ವನ ವಾಯ್ಸ್ ಮೆಸೇಜನ್ನು ಫೋನ್ ಕೊಡುವ ಮೊದಲು ಮೂರು ಸಲ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೆ. ಎದ್ದು ನಿಂತು ಅದನ್ನೇ ಮತ್ತೆ ಮನಸ್ಸಿನೊಳಗೆ ಹೇಳಿಕೊಂಡೆ.

'ಡೈರಿತಾವು ಆಲಾಕಕ್ಕೆ ನಾನೇ ಓಗಿದ್ದೆ ಕಣವ್ವ. ಎಲ್ಲಾರೂ ಇದ್ದ ಒತ್ತಲ್ಲೇ ಓಗಿದ್ದೆ. ಎದುರುಮನೆಯವಳು ಕೇಳುದ್ಲು, ಅಲ್ಲೂ ನಡೆ ಸರಿಯಿಲ್ಲ ಅಂದ್ಬುಟ್ರೆ ಏನಕ್ಕ ಮಾಡೀಯೆ ಅಂತ. ನಾನಂದೆ, ನನ್ ಮಗಳ ನಡೆ ನೋಡಕ್ಕೆ ಅಂತ್ಲೇ ಅಲ್ಲಿ ಎಂಟ್ ಜನ ನಿಂತವ್ರೆ, ಒಂಬತ್ತನೇವಳು ನೀನ್ಯಾವಳೇ? ಅಂತಂದು ಆಲಾಕ್ಬುಟ್ಟು ಬಂದೆ. ಸೋತ್ರೆ ಸೋತ್ಕಂಡು ಬಾ. ನೆಲ ಮಾತ್ರ ಬುಡ್ಬ್ಯಾಡ.'

ನನ್ನ ನಂಬರ್ ಕೂಗಿದರು. ತಲೆ ಎತ್ತಿಕೊಂಡು ಟೆಂಟಿನಿಂದ ಆಚೆ ನಡೆದೆ. ಸೊಂಟ ಆಡಿತು. ಆಡಲಿ.