ತೊಳೆದಿಟ್ಟ ಸೀಸೆಗಳು

ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಮಾಸೂರಿನ ಗದ್ದೆಗಳಲ್ಲಿ ಕೂಲಿ ಮಾಡಿ ಅಕ್ಕ ನನ್ನನ್ನು ಎಂ.ಎಸ್ಸಿ.ವರೆಗೆ ಓದಿಸಿದಳು. ಇದನ್ನು ಈಗಲೂ ಎದೆಯುಬ್ಬಿಸಿ ಹೇಳುತ್ತೇನೆ. ಹೇಳದೆ ಉಳಿಸಿಕೊಂಡದ್ದು ಬೇರೆ ಇದೆ.

ಎಂಬತ್ತರ ದಶಕದ ಆರಂಭದಲ್ಲಿ ದೂರದ ಪ್ರಯೋಗಾಲಯವೊಂದರಲ್ಲಿ ಎರಡು ವರ್ಷ ಇದ್ದೆ. ಜೀವಕೋಶದಲ್ಲಿ ಪ್ರೋಟೀನು ತಯಾರಾಗುವ ಜಾಗ ರೈಬೋಸೋಮು. ಅದರ ಜೀನನ್ನು ನಕಲು ಮಾಡುವ ಕಿಣ್ವ, ತನ್ನಷ್ಟಕ್ಕೆ ಬಿಟ್ಟರೆ ಎಲ್ಲೆಂದರಲ್ಲಿ ಶುರು ಮಾಡುತ್ತದೆ. ‘ಇಲ್ಲಿಂದ’ ಎಂದು ತೋರಿಸುವ ಪ್ರೋಟೀನು ಬೇರೆ ಇರಬೇಕು. ಅದನ್ನು ಹುಡುಕುವುದು ನನ್ನ ಕೆಲಸ. ಜೀವಕೋಶಗಳ ರಸವನ್ನು ಉದ್ದನೆಯ ಗಾಜಿನ ಕೊಳವೆಗೆ ಸುರಿಯುತ್ತಿದ್ದೆ. ಒಳಗಿನ ಪುಡಿಗೆ ಅಂಟಿದ್ದನ್ನು ಉಪ್ಪುನೀರಿನಿಂದ ಬಿಡಿಸಿ ಪರೀಕ್ಷಿಸುತ್ತಿದ್ದೆ. ಅಂಟದೆ ಕೆಳಗಿನ ಸೀಸೆಗೆ ಇಳಿದದ್ದನ್ನು ಸಂಜೆ ಚೆಲ್ಲಿ, ಸೀಸೆ ತೊಳೆದು ಬೋರಲು ಹಾಕುತ್ತಿದ್ದೆ. ಮುಸುರೆ ಬಿಟ್ಟು ಮಲಗಬಾರದು ಎಂಬುದು ನಮ್ಮ ಮನೆಯ ಶಿಸ್ತು. ಇಡಬೇಕೋ ಚೆಲ್ಲಬೇಕೋ ಎಂದು ಒಮ್ಮೆ ಅನುಮಾನ ಬಂದಿತ್ತು. ಹಳ್ಳಿಯವನಿಗೆ ಇಷ್ಟೂ ಗೊತ್ತಿಲ್ಲ ಎಂದಾರೆಂದು ಕೇಳಲಿಲ್ಲ.

ಪುಡಿಯಿಂದ ಬಿಡಿಸಿ ತೆಗೆದದ್ದು ಒಂದು ಸಲವೂ ಕಿಣ್ವಕ್ಕೆ ಜಾಗ ತೋರಿಸಲಿಲ್ಲ. ಅವಧಿ ಮುಗಿದಾಗ ಅಕ್ಕನಿಗೆ “ಕೆಲಸ ಮುಗೀತು” ಎಂದಷ್ಟೇ ಹೇಳಿ, ಸವಣೂರಿನಲ್ಲಿ ಮಾಸ್ತರನಾದೆ. ಬಾಡಿಗೆ ಕೋಣೆ, ಒಂದು ಸ್ಟೋವು. ಆ ಪ್ರೋಟೀನಿನ ಮಾತು ತೆಗೆಯಲು ಸುತ್ತ ಒಬ್ಬರೂ ಇರಲಿಲ್ಲ.

ಕೆಲವು ವರ್ಷಗಳ ನಂತರ ಹಳೆಯ ವಿಜ್ಞಾನ ಪತ್ರಿಕೆಯೊಂದು ಕೈಗೆ ಸಿಕ್ಕಿತು. ನಾನು ಹುಡುಕುತ್ತಿದ್ದುದನ್ನು ಬೇರೆ ಯಾರೋ ಕಂಡುಹಿಡಿದಿದ್ದರು. ಪ್ರೋಟೀನು ಒಂದಲ್ಲ, ಎರಡು. ಒಂದು ಕೊಳವೆಯಲ್ಲಿ ಅಂಟುತ್ತದೆ, ಇನ್ನೊಂದು ಹರಿದು ಸೀಸೆಗೆ ಇಳಿಯುತ್ತದೆ. ಒಂದೊಂದೇ ಇದ್ದರೆ ಏನೂ ನಡೆಯದು. ಎರಡನ್ನೂ ಕೂಡಿಸಿದರೆ ನಕಲು ಸರಿಯಾದ ಜಾಗದಿಂದಲೇ ಶುರುವಾಗುತ್ತದೆ. ಮೂರು ಸಲ ಓದಿದೆ. ಆ ರವಿವಾರ ಮಾಸೂರಿಗೆ ಹೋಗಲು ಹಿರೇಕೆರೂರಿನ ಬಸ್ಸು ಹತ್ತಿದೆ.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

“ಅಕ್ಕಾ, ಕೆಲಸ ಮುಗಿದಿರಲಿಲ್ಲ. ಕೆಟ್ಟಿತ್ತು. ನಾ ಹುಡಕೂದು ನನ್ನ ಕೈಯಾಗ ಇತ್ತು, ದಿನಾ ನಾನ ಚೆಲ್ಲೀನಿ.”

“ಇಡು ಅಂತ ಯಾರೂ ಹೇಳಲಿಲ್ಲೇನೊ?”

“ನಾ ಕೇಳಲಿಲ್ಲ. ನಾಚಿಕಿ ಬಂತು.”

“ಭಾರಿ ಶಾಣ್ಯಾ ಆದಿ ನೋಡು! ಓದಾಕ ಬರದಾಕಿ ನಾನು, ಬಸ್ಸು ಯಾವೂರಿಗಂತ ನಾಕ ಮಂದಿನ್ನ ಕೇಳಿ ಹತ್ತತೇನಿ. ನಿನಗೆಂಥಾ ನಾಚಿಕಿ?”

ಅವಳು ನನ್ನ ತಾಟಿಗೆ ರೊಟ್ಟಿ ಹಾಕಿದಳು. ಉಂಡು, ತಾಟು ಹಿಡಿದು ಎದ್ದೆ.

“ಅಲ್ಲೇ ಇಡು. ನೀ ತೊಳಿಬ್ಯಾಡಪ್ಪ, ಮತ್ತೇನರ ಹೋದೀತು,” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ತಾಟು ಕೆಳಗಿಟ್ಟು, ಎಂಜಲುಗೈ ಒಣಗುವವರೆಗೆ ಮತ್ತೆ ಅಲ್ಲೇ ಕೂತಿದ್ದೆ.