ಮಾವನಿಗೆ ಸಿಗದ ಹಾಸಿಗೆ

ಎರಡನೆಯ ಅಲೆಯ ಬೇಸಿಗೆಯಲ್ಲಿ ನಾನು ಸೊಲ್ಲಾಪುರದ ಒಂದು ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ನರ್ಸಾಗಿದ್ದೆ. ಮನೆ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ. ಗಂಡ ಅಲ್ಲೇ ಕನ್ನಡ ಶಾಲೆಯ ಮಾಸ್ತರ. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಗಂಡ, ಒಂಬತ್ತು ವರ್ಷದ ಮಗಳು, ಮಾವ ಊರಲ್ಲಿದ್ದರು. ನಾನು ಆಸ್ಪತ್ರೆಯ ಹಾಸ್ಟೆಲಿನಲ್ಲಿ.

ಮಾವ ಜೀವನವಿಡೀ ಕುರಿ ಕಾಯ್ದವರು. ನನಗೆ ನೌಕರಿ ಸಿಕ್ಕಾಗ, ಸೊಸೆಯನ್ನು ಪರರ ಮಲಮೂತ್ರ ಬಳಿಯಲು ಕಳಿಸುತ್ತಾರೆ ಎಂದು ಬೀಗರು ಆಡಿಕೊಂಡಿದ್ದರು. ಮಾವ ಎಲ್ಲರೆದುರೇ ಹೇಳಿದ್ದರು: "ನಾ ಕುರಿ ಬಾಳಂತನ ಮಾಡ್ತೀನಿ, ಆಕಿ ಮಂದೀದ ಮಾಡ್ತಾಳ. ಇದರಾಗ ನಾಚಿಕಿ ಏನೈತಿ?"

ನಮ್ಮ ವಾರ್ಡಿನ ಡಾಕ್ಟರು ವಿದರ್ಭದ ಕಡೆಯ ಯುವಕ. ಒಂದಕ್ಷರ ಕನ್ನಡ ಬರುತ್ತಿರಲಿಲ್ಲ. ಬರುವ ರೋಗಿಗಳಲ್ಲಿ ಬಹಳ ಮಂದಿ ಗಡಿಹಳ್ಳಿಗಳ ವಯಸ್ಸಾದವರು. ಮರಾಠಿ ಬರುವವರೂ ಉಸಿರು ಕಟ್ಟಿದಾಗ ಅದನ್ನು ಮರೆತು ಕನ್ನಡದಲ್ಲೇ ಚೀರುತ್ತಿದ್ದರು. ನಾನಿಲ್ಲದ ಪಾಳಿಯಲ್ಲಿ ಅವರ ಮಾತು ತಿಳಿಯುತ್ತಿದ್ದುದು ನೆಲ ಒರೆಸುವ ಆಯಾಗೆ ಮಾತ್ರ. ಆಕೆಯನ್ನು ಎಲ್ಲರೂ ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಆಕೆಯ ಮನೆಮಾತು ತೆಲುಗು, ಕನ್ನಡ ಕಲಿತದ್ದು ಓಣಿಯಲ್ಲಿ. ಆದರೆ ಮಾವಶಿ ರೋಗಿಗಳ ವಿಷಯ ಆಡಿದರೆ ಡಾಕ್ಟರಿಗೆ ಸಿಟ್ಟು ಬರುತ್ತಿತ್ತು.

ಒಂದು ಮಧ್ಯಾಹ್ನ ಮಾವಶಿ ಒರೆಸುತ್ತ ಹೋದವಳು ಒಬ್ಬ ಅಜ್ಜನ ಹಾಸಿಗೆಯ ಬಳಿ ನಿಂತಳು. ಗೋಡೆಯ ಆಕ್ಸಿಜನ್ ಬಾಟಲಿಯಲ್ಲಿ ಗುಳ್ಳೆ ಏಳುತ್ತಿರಲಿಲ್ಲ. ಡಾಕ್ಟರಿಗೆ ಹೇಳಿದರೆ, ನಿನ್ನ ಕೆಲಸ ನೀನು ನೋಡು ಎಂದು ಗದರಿದರು. ಆಕೆ ಬಿಡಲಿಲ್ಲ, ಅವರ ಕೈ ಹಿಡಿದು ಎಳೆದೊಯ್ದಳು. ಮಂಚದ ಗಾಲಿಯ ಕೆಳಗೆ ನಳಿಕೆ ಸಿಕ್ಕಿಕೊಂಡಿತ್ತು. ಅಜ್ಜನ ತುಟಿಗಳು ಆಗಲೇ ನೀಲಿಗಟ್ಟಿದ್ದವು, ಆದರೂ ಉಳಿದ.

ಮರುದಿನ ಬೆಳಿಗ್ಗೆ ಡಾಕ್ಟರು ನಮ್ಮೆಲ್ಲರನ್ನೂ ಒಟ್ಟಿಗೆ ನಿಲ್ಲಿಸಿ, ಎಲ್ಲರೆದುರು ಮಾವಶಿಯ ಕ್ಷಮೆ ಕೇಳಿದರು. ಅಂದಿನಿಂದ ಪಾಳಿ ಬದಲಾಗುವಾಗ ಡಾಕ್ಟರು, ನರ್ಸು, ಮಾವಶಿ ಎಲ್ಲರೂ ಕೂಡಿ ಒಂದೊಂದೇ ಹಾಸಿಗೆಯ ವಿಷಯ ಮಾತಾಡುವುದು ರೂಢಿಯಾಯಿತು. ಗ್ಲೌಸಿನ ಡಬ್ಬಿ ಹರಿದು, ಆ ರಟ್ಟಿನ ಮೇಲೆ ಡಾಕ್ಟರು ನನ್ನಿಂದ ಕೇಳಿ ಕೇಳಿ ಕನ್ನಡದ ಮಾತುಗಳನ್ನು ಮರಾಠಿ ಲಿಪಿಯಲ್ಲಿ ಬರೆದುಕೊಂಡರು: ಉಸರ ತಗೋರಿ, ಬೋರಲ ಮಕ್ಕೋರಿ, ನೀರ ಬೇಕೇನ್ರಿ.

ಮೂರು ವಾರದ ಮೇಲೆ ಒಂದು ದಿನದ ರಜೆ ಸಿಕ್ಕಿತು. ಊರಿಗೆ ಹೋದೆ, ಆದರೆ ಮನೆಯೊಳಗೆ ಹೋಗಲಿಲ್ಲ. ಅಂಗಳದಲ್ಲೇ ಮಾಸ್ಕ್ ಹಾಕಿಕೊಂಡು ಕುಳಿತೆ. ಮಗಳು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಮಾವ ತಾವೇ ರೊಟ್ಟಿಯ ತಾಟು ಹಿಡಿದು ಬಂದರು.

"ದೂರ ನಿಂದರ್ರಿ ಮಾವಾರ," ಎಂದೆ.

"ನೀ ಏನ ಹುಲಿ ಏನು?" ಎಂದು ತಾಟನ್ನು ನನ್ನ ಕೈಗೇ ಕೊಟ್ಟು ಎದುರಿಗೆ ಕುಳಿತರು. ಊಟ ಮಾಡಲು ನಾನು ಮಾಸ್ಕ್ ತೆಗೆದೆ.

ಆರನೆಯ ದಿನ ಗಂಡನ ಫೋನ್ ಬಂತು. "ಅಪ್ಪಗ ಜರಾ ಬಂದಾವ," ಎಂದರು. ಆಮೇಲೆ, "ನೀ ಬಂದ ಹೋಗಿದ್ದೆಲ್ಲಾ," ಎಂದು ಫೋನ್ ಇಟ್ಟರು. ಆ ವಾರ ನಮ್ಮೂರಲ್ಲಿ ಮನೆಮನೆಗೂ ಜ್ವರವಿತ್ತು. ಮಾವ ದಿನಾಲೂ ಕಟ್ಟೆಗೆ ಹೋಗಿ ಕೂಡುತ್ತಿದ್ದರು.

ಮಾವನನ್ನು ನಮ್ಮ ವಾರ್ಡಿಗೇ ತಂದರು. ಬೇರೆ ವಾರ್ಡಿಗೆ ಹಾಕಲೇ ಎಂದು ಹಿರಿಯ ಸಿಸ್ಟರ್ ಕೇಳಿದರು, ಬೇಡವೆಂದೆ. ನಾನು ತೊಟ್ಟ ಪ್ಲಾಸ್ಟಿಕ್ ಪಿಪಿಇ ಉಡುಪಿನಲ್ಲಿ ಮಾವನಿಗೆ ನನ್ನ ಗುರುತು ಸಿಗಲಿಲ್ಲ. ಮಾತಾಡಿದ ಮೇಲೆ, "ಯವ್ವಾ, ನೀ ಇಲ್ಲೇ ಅದಿ ಅಂದ್ರ ನಾ ಉಳದೆ," ಎಂದರು. ಡಾಕ್ಟರು ಬಂದು ರಟ್ಟು ನೋಡಿ, "ಬೋರಲ ಮಕ್ಕೋರಿ ಅಜ್ಜಾ," ಎಂದು ಓದಿದಾಗ ಮಾವ ಆಕ್ಸಿಜನ್ ಮಾಸ್ಕಿನೊಳಗೇ ನಕ್ಕರು. "ಈ ಡಾಕ್ಟರ ಎಲ್ಲಿಯಂವ? ಛಲೋ ಹುಡುಗ ಅದಾನ." ಡಾಕ್ಟರು ಹೇಳಿದಂತೆ ಬೋರಲು ಮಲಗಿದರು.

ಪಕ್ಕದ ಹಾಸಿಗೆಯಲ್ಲಿ ದುಧನಿ ಕಡೆಯ ಒಬ್ಬ ಹೆಂಗಸಿದ್ದಳು. ಮೂವತ್ತರ ಆಸುಪಾಸು, ಎರಡು ಸಣ್ಣ ಮಕ್ಕಳ ತಾಯಿ. ನಾಲ್ಕನೆಯ ದಿನಕ್ಕೆ ಇಬ್ಬರ ಸ್ಥಿತಿಯೂ ಕೆಟ್ಟಿತು. ವಾರ್ಡಿನ ಆಕ್ಸಿಜನ್ ಸಾಲುತ್ತಿರಲಿಲ್ಲ, ವೆಂಟಿಲೇಟರ್ ಬೇಕಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಐಸಿಯುವಿನಿಂದ ಫೋನ್ ಬಂತು. ಒಂದು ಹಾಸಿಗೆ ಖಾಲಿಯಾಗಿತ್ತು.

ಡಾಕ್ಟರು ನನ್ನನ್ನು ಹೊರಗೆ ಹೋಗಲು ಹೇಳಿದರು. ಇಲ್ಲೇ ಇರುತ್ತೇನೆ ಎಂದೆ. ಅವರು ಹಿರಿಯ ಡಾಕ್ಟರಿಗೆ ಫೋನ್ ಹಚ್ಚಿ ಇಬ್ಬರ ವಿವರವನ್ನೂ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಆ ಹೆಂಗಸಿಗೆ ಬದುಕುವ ಸಾಧ್ಯತೆ ಹೆಚ್ಚು, ನಿಮ್ಮ ಮಾವನ ಶ್ವಾಸಕೋಶದಲ್ಲಿ ಶಕ್ತಿ ಉಳಿದದ್ದು ಕಡಿಮೆ ಎಂದರು. ಅದು ನನಗೂ ಗೊತ್ತಿತ್ತು. ಬೇರೆ ಯಾರದೋ ಮಾವನಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಬಾಯಿಂದ ಬಂದದ್ದು, "ಸರ್, ಇನ್ನೊಮ್ಮೆ ನೋಡಿ," ಎಂಬ ಮಾತು.

ಅವರು ಹೋಗಿ ಮಾವನ ಎದೆ, ಬೆನ್ನು ಮತ್ತೊಮ್ಮೆ ಪರೀಕ್ಷಿಸಿದರು. ಎಕ್ಸ್‌ರೇ ಬೆಳಕಿಗೆ ಹಿಡಿದರು. ತಿರುಗಿ ಬಂದು ಇಲ್ಲವೆಂದು ತಲೆಯಾಡಿಸಿದರು. ಆ ಹೆಂಗಸನ್ನು ಐಸಿಯುಗೆ ಕಳಿಸುವ ಕಾಗದದಲ್ಲಿ ನರ್ಸಿನ ಸಹಿಯ ಜಾಗವಿತ್ತು. ಅದಕ್ಕೆ ನನ್ನನ್ನು ಕೇಳದೆ ಬೇರೊಬ್ಬ ಸಿಸ್ಟರನ್ನು ಕರೆಸಿದರು. ನಾನು ಆಕೆಯ ಸ್ಟ್ರೆಚರಿಗೆ ಕೈ ಹಚ್ಚಿದಾಗ ಮಾವಶಿ ನನ್ನ ಕೈ ಬಿಡಿಸಿದಳು. "ನೀವ್ ಬ್ಯಾಡ್ರಿ ಸಿಸ್ಟರ್. ಮಾವನ ಕಡಿ ಹೋಗ್ರಿ. ಇದನ್ನ ನಾ ಒಯ್ತೀನಿ."

ಮಾವ ಕಣ್ಣು ತೆರೆದು ಎಲ್ಲ ನೋಡುತ್ತಿದ್ದರು. "ಆಕೀನ್ನ ಎಲ್ಲಿ ಒಯ್ದರು?"

"ಮನಿಗಿ ಕಳಸಾಕತ್ತಾರ್ರಿ."

"ಛಲೋ ಆತು. ಸಣ್ಣ ಮಕ್ಕಳ ತಾಯಿ." ಉಸಿರು ಎಳೆದುಕೊಳ್ಳಲು ಬಹಳ ಹೊತ್ತು ಬೇಕಾಯಿತು. "ನನ್ನ ಪಾಳಿ ಯಾವಾಗ?"

"ನಾಳಿಗಿ," ಎಂದೆ.

ಮರುದಿನ ಮಧ್ಯಾಹ್ನ ಅವರು ಹೋದರು. ಅಂಗಿಯ ಕಿಸೆಯಲ್ಲಿ ಕುರಿಗಾರರ ದೈವ ಬೀರೋಬಾನ ಭಂಡಾರದ, ಅಂದರೆ ಅರಿಶಿನದ, ಪುಡಿಕೆ ಇತ್ತು. ಗ್ಲೌಸಿನ ಕೈಯಿಂದಲೇ ಹಣೆಗೆ ಹಚ್ಚಿದೆ. ಶವದ ಚೀಲದ ಝಿಪ್ ಎಳೆಯಲು ನನ್ನಿಂದ ಆಗಲಿಲ್ಲ. ಡಾಕ್ಟರು ಎಳೆದರು. ಗಂಡನಿಗೆ ಸ್ಮಶಾನದ ಗೇಟಿನ ಹೊರಗೆ ನಿಲ್ಲುವಷ್ಟೇ ಪರವಾನಗಿ ಸಿಕ್ಕಿತು.

ಹದಿಮೂರನೆಯ ದಿನ ಊರಿಗೆ ಹೋದಾಗ ಹಾಸಿಗೆಯ ವಿಷಯವನ್ನು ಗಂಡನಿಗೆ ಹೇಳಿದೆ. ಅವರು ಬೆರಗಾಗಲಿಲ್ಲ. "ಡಾಕ್ಟರ ಅವತ್ತ ಫೋನ್ ಮಾಡಿ ಎಲ್ಲಾ ಹೇಳ್ಯಾರ. ನೀ ಯಾವಾಗ ಹೇಳ್ತಿ ಅಂತ ಕಾಯಾಕತ್ತಿದ್ದೆ. ನೀ ಅಲ್ಲೇ ಇದ್ದಿ. ಒಂದ ಮಾತ ಅನ್ನಲಿಲ್ಲೇನು?"

"ಅಂದೆ. ಇನ್ನೊಮ್ಮೆ ನೋಡ್ರಿ ಅಂದೆ."

"ಮತ್ತ?"

"ನೋಡಿದರು."

ಅವರು ಎದ್ದು ಹೊಲದ ಕಡೆ ಹೋದರು. ಆಮೇಲೆ ತಿಂಗಳುಗಟ್ಟಲೆ, ನಾನು ರಜೆಗೆ ಊರಿಗೆ ಹೋದಾಗಲೆಲ್ಲ, ನಮ್ಮ ಮಾತುಕತೆ ಮಗಳ ಮೂಲಕವೇ ನಡೆಯಿತು. ಹಾಲು ಬೇಕೆಂದರೂ ನಿಮ್ಮವ್ವಗ ಹೇಳು, ಬಸ್ಸು ತಪ್ಪಿತೆಂದರೂ ನಿಮ್ಮವ್ವಗ ಹೇಳು. ಆ ಮಗುವಿಗೆ ದಿನಾಲೂ ಹೊಟ್ಟೆನೋವು ಶುರುವಾಯಿತು. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಒಂದು ದಿನ ತಲೆ ಬಾಚುತ್ತಿದ್ದಾಗ ಕೇಳಿದಳು: "ಅವ್ವಾ, ಅಜ್ಜಗ ಜರಾ ನೀನ ತಂದಿದ್ದೇನು?" ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ ಪುಟ್ಟಿ," ಎಂದೆ. ಆಕೆ ಮತ್ತೆ ಕೇಳಲಿಲ್ಲ. ಹೊಟ್ಟೆನೋವು ಮಾತ್ರ ಒಂದು ವರ್ಷ ಬಿಡಲಿಲ್ಲ.

ಈಗ ಗಂಡ ಮಾತಾಡುತ್ತಾರೆ. ಸೋಮವಾರ ಬೆಳಿಗ್ಗೆ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡುತ್ತಾರೆ. ಅಪ್ಪನ ವಿಷಯ ಬಂದರೆ ಮಾತ್ರ ಎದ್ದು ಹೋಗುತ್ತಾರೆ.

ಐಸಿಯುಗೆ ಹೋದ ಆ ಹೆಂಗಸು ಅಲ್ಲಿ ಒಂಬತ್ತನೆಯ ದಿನ ಸತ್ತಿದ್ದಳು, ನಾನು ಹದಿಮೂರಕ್ಕೆ ಊರಿಗೆ ಹೋಗುವ ಮೊದಲೇ. ನನಗೆ ಹೇಳಲು ಡಾಕ್ಟರು ತಾವೇ ಬಂದರು. ನಾನೂ ಮಾವಶಿಯೂ ಮೆಟ್ಟಿಲ ಮೇಲೆ ಕುಳಿತಿದ್ದೆವು. ಅವರೂ ಅಲ್ಲೇ ಕುಳಿತರು. ಸ್ವಲ್ಪ ಹೊತ್ತಿಗೆ ಹೊಸ ರೋಗಿ ಬಂದರೆಂದು ಎದ್ದು ಹೋದೆವು.

ಆಕೆ ಸತ್ತದ್ದನ್ನು ಗಂಡನಿಗೆ ಇಂದಿಗೂ ಹೇಳಿಲ್ಲ.