ಇನ್ನೂರಾರು ಡಿಗ್ರಿ

ಹೊಸ ಪೈಸೆ ಚಲಾವಣೆಗೆ ಬಂದ ೧೯೫೭ರಲ್ಲಿಯೇ ಇದು ನಡೆಯಿತೆಂದು ನಾನು ಬಹುಕಾಲ ಹೇಳಿಕೊಂಡು ಬಂದಿದ್ದೆ. ಅದು ತಪ್ಪು. ಏಳನೆಯ ತರಗತಿಯ ನೋಟುಪುಸ್ತಕವನ್ನು ವರ್ಗಾವಣೆ ಪತ್ರದ ಪಕ್ಕದಲ್ಲಿಟ್ಟು ನೋಡಿದರೆ, ನಡೆದದ್ದು ಅದರ ಮರುವರ್ಷ. ತಿಂಗಳು ಖಚಿತವಿಲ್ಲ; ರಾಗಿ ಕಣಕ್ಕೆ ಬಂದಿತ್ತೆಂಬುದಷ್ಟೇ ನಿಶ್ಚಿತ. ಆದರೆ ಆ ಪುಸ್ತಕದಲ್ಲಿ ನಾನು ಬರೆದ ಒಂದು ಸಂಖ್ಯೆಯ ಬಗ್ಗೆ ನನಗೆ ಅಂದೂ ಸಂದೇಹವಿರಲಿಲ್ಲ, ಇಂದೂ ಇಲ್ಲ.

ಅಮೃತಹಳ್ಳಿಯಿಂದ ಹೊಲದ ಬದುಗಳ ಮೇಲೆ ನಡೆದು ಹೋಗಬೇಕಾದ ಮಿಡ್ಲ್ ಸ್ಕೂಲು ನಮ್ಮದು. ವಿಜ್ಞಾನದ ಮೇಷ್ಟ್ರು ಹೊಸಬರು, ಹುದ್ದೆ ಇನ್ನೂ ಕಾಯಂ ಆಗಿರಲಿಲ್ಲ. ಪಾಠವನ್ನು ಓದಿಸುವ ಮೊದಲು ಕೈಯಿಂದ ಮಾಡಿಸುತ್ತಿದ್ದರು. ಆ ದಿನ ಅಂಗಳದಲ್ಲಿ ಮೂರು ಕಲ್ಲು ಹೂಡಿ, ನಾನು ಮನೆಯಿಂದ ತಂದ ಪಾತ್ರೆಯಲ್ಲಿ ನೀರು ಕುದಿಸಿ, ಶಾಲೆಗಿದ್ದ ಒಂದೇ ಥರ್ಮಾಮೀಟರನ್ನು ಅದರೊಳಗೆ ಇಳಿಬಿಟ್ಟೆವು. ಪುಸ್ತಕದ ಪ್ರಕಾರ ಪಾದರಸ ಇನ್ನೂರ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಬೇಕಿತ್ತು. ಇನ್ನೂರಾರಕ್ಕೆ ನಿಂತಿತು. ಸೌದೆ ಹೆಚ್ಚಿಸಿದೆವು, ನೀರು ಉಕ್ಕಿ ಬೂದಿಗೆ ಬಿತ್ತೇ ಹೊರತು ಪಾದರಸ ಕದಲಲಿಲ್ಲ.

"ಈ ಗಾಜಿನ್ ಕಡ್ಡೀನೇ ಸುಳ್ಳು ಸಾರ್," ಎಂದಳು ನನ್ನ ಪಕ್ಕದವಳು.

ಮೇಷ್ಟ್ರು ಬೈಯಲಿಲ್ಲ. ಮರುದಿನ ಯಶವಂತಪುರದಿಂದ ಸೈಕಲ್ ಮೇಲೆ, ಮರದ ಹೊಟ್ಟು ತುಂಬಿದ ಗೋಣಿಯಲ್ಲಿ ಮಂಜುಗಡ್ಡೆ ತಂದರು. ಕರಗುವ ಮಂಜಿನಲ್ಲಿ ಕಡ್ಡಿ ಸರಿಯಾಗಿ ಮೂವತ್ತೆರಡನ್ನು ತೋರಿಸಿತು. ಸುಳ್ಳು ಕಡ್ಡಿಯಲ್ಲ. ಮತ್ತೆ ಎರಡು ಸಲ ನೀರು ಕುದಿಸಿದೆವು, ಇನ್ನೂರಾರು.

"ಕಾರಣ ನಂಗೂ ಗೊತ್ತಿಲ್ಲ ಕಣ್ರೋ. ಗೊತ್ತಾಗೋವರ್ಗೂ ಕಂಡಿದ್ದನ್ನೇ ಬರೀರಿ," ಎಂದರು. ಬರೆದೆವು.

ಮುಂದಿನ ವಾರ ಶಾಲಾ ಇನ್ಸ್‌ಪೆಕ್ಟರ ಭೇಟಿಯಿತ್ತು. ಹೆಡ್‌ಮೇಷ್ಟ್ರು ನೋಟುಪುಸ್ತಕಗಳನ್ನು ತಿರುವಿ ನೋಡಿ ಕೆಂಡವಾದರು. ಎಲ್ಲರೂ ಇನ್ನೂರಾರನ್ನು ಹೊಡೆದುಹಾಕಿ ಇನ್ನೂರ ಹನ್ನೆರಡು ಬರೆಯಬೇಕೆಂದು ಆಜ್ಞೆಯಾಯಿತು. ವಿಜ್ಞಾನದ ಮೇಷ್ಟ್ರು ಗೋಡೆಗೆ ಒರಗಿ ನೆಲ ನೋಡುತ್ತಿದ್ದರು. ಎಲ್ಲರೂ ತಿದ್ದಿದರು. ನಾನು ಲೇಖನಿಯ ಮುಚ್ಚಳ ತೆಗೆಯಲಿಲ್ಲ.

"ಏನಮ್ಮಾ, ನಿಮ್ಮೂರ್ ನೀರಿಗೆ ಬೇರೆ ಸರ್ಕಾರಾನಾ?" ಎಂದರು ಹೆಡ್‌ಮೇಷ್ಟ್ರು.

"ನಾನ್ ಅಳ್ದಿದ್ದು ಇನ್ನೂರಾರು ಸಾರ್."

"ನಾಳೆ ನಿಮ್ಮಪ್ಪನ್ನ ಕರ್ಕೊಂಡ್ ಬಾ. ಎದುರು ಮಾತಾಡೋ ಹುಡುಗೀಗೆ ಹೈಸ್ಕೂಲ್ ಯಾಕೆ ಅಂತ ಕೇಳ್ತೀನಿ."

ಇದು ಬರಿಯ ಬೆದರಿಕೆಯಾಗಿರಲಿಲ್ಲ. ನಮ್ಮ ಬೀದಿಯಿಂದ ಅದುವರೆಗೆ ಒಬ್ಬ ಹುಡುಗಿಯೂ ಹೈಸ್ಕೂಲಿಗೆ ಹೋಗಿರಲಿಲ್ಲ. ನನ್ನನ್ನು ಕಳಿಸಲು ಅಪ್ಪ ಒಪ್ಪಿದ್ದೇ ಈ ಹೆಡ್‌ಮೇಷ್ಟ್ರ ಮಾತಿನ ಮೇಲೆ.

ಸಂಜೆ ಅಪ್ಪ ಕಣದಲ್ಲಿ ರಾಗಿ ಅಳೆಯುತ್ತಿದ್ದರು. ನಮ್ಮ ಕಡೆ ಮೊದಲ ಕೊಳಗವನ್ನು 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಎರಡು, ಮೂರು ಆಮೇಲೆ. ಅಳೆದ ಲೆಕ್ಕವನ್ನು ಬಾಯಿಮಾತಿಗೆ ಬದಲಿಸುವ ರೂಢಿಯೂ ಇಲ್ಲ. ಅನುಮಾನ ಬಂದವರು ಎಲ್ಲರೆದುರಿಗೆ ಮತ್ತೆ ಅಳೆಯಬೇಕು. ಅಪ್ಪ ನನ್ನ ಮಾತನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ನೀನೇ ಅಳೆದ್ಯಾ ಮಗಾ?"

"ಮೂರ್ ಸಲ."

"ಅಂಗಾರೆ ಅದ್ನ ಮುಟ್ಬೇಡ."

ಮರುದಿನ ಅಪ್ಪ ಒಂದು ಹೊರೆ ಸೌದೆ ಹೊತ್ತುಕೊಂಡೇ ಶಾಲೆಗೆ ಬಂದರು. ಹೆಡ್‌ಮೇಷ್ಟ್ರು ದೂರು ಮುಗಿಸುವ ತನಕ ನಿಂತು ಕೇಳಿ, "ಅನುಮಾನ ಇದ್ರೆ ಇನ್ನೊಂದ್ ಕಿತ ಅಳೀವಾ ಸ್ವಾಮಿ," ಎಂದು ಅಂಗಳದ ಕಲ್ಲುಗಳ ನಡುವೆ ಬೆಂಕಿ ಹಚ್ಚಿದರು. ಮಕ್ಕಳೆಲ್ಲ ಸುತ್ತ ನೆರೆದರು. ವಿಜ್ಞಾನದ ಮೇಷ್ಟ್ರು ಒಳಗೆ ಹೋಗಿ, ಯಾರೂ ಕೇಳದಿದ್ದರೂ, ಥರ್ಮಾಮೀಟರ್ ತಂದು ನನ್ನ ಕೈಗಿಟ್ಟರು. ನೀರು ಕುದಿಯಿತು.

"ನಂಗೆ ಓದಕ್ ಬರಾಕಿಲ್ಲ. ನೀವೇ ಓದಿ ಕೂಗಿ," ಎಂದರು ಅಪ್ಪ.

ಹೆಡ್‌ಮೇಷ್ಟ್ರು ಬಗ್ಗಿದರು, ಕನ್ನಡಕ ಒರೆಸಿದರು, ಮತ್ತೆ ಬಗ್ಗಿದರು. "ಇನ್ನೂರಾರು."

"ಲಾಭ," ಎಂದರು ಅಪ್ಪ.

ನಾನು ಕಡ್ಡಿಯನ್ನು ತೆಗೆದು ಆರಿಸಿ ಮತ್ತೆ ಇಳಿಬಿಟ್ಟೆ. "ಇನ್ನೂರಾರು." "ಎರಡು." ಮೂರನೆಯ ಸಲ ಹೆಡ್‌ಮೇಷ್ಟ್ರು ಬಗ್ಗಲಿಲ್ಲ. "ಸಾಕು ಬಿಡಪ್ಪಾ, ಇರ್ಲಿ," ಎಂದರು. "ಅಂಗಾರೆ ಮಗು ಹೈಸ್ಕೂಲಿಗೆ ಓಗ್ತದೆ," ಎಂದು ಅಪ್ಪ ಉಳಿದ ಸೌದೆಯನ್ನು ಅಲ್ಲೇ ಬಿಟ್ಟು ನಡೆದರು.

ಕಾರಣ ನನಗೆ ಸಿಕ್ಕಿದ್ದು ಎರಡು ವರ್ಷಗಳ ಮೇಲೆ. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿರುವ ನಮ್ಮ ನೆಲದಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಇನ್ನೂರ ಹನ್ನೆರಡು ಮುಟ್ಟುವ ಮೊದಲೇ ಕುದಿಯುತ್ತದೆ. ಪುಸ್ತಕದ ಸಂಖ್ಯೆ ಕಡಲ ದಡದ್ದು. ಅದನ್ನು ಪುಸ್ತಕ ಹೇಳಿರಲಿಲ್ಲ.

ಇನ್ಸ್‌ಪೆಕ್ಟರು ನನ್ನ ನೋಟುಪುಸ್ತಕದ ಆ ಪುಟವನ್ನು ತೆರೆಯಲೇ ಇಲ್ಲ. ಹೆಡ್‌ಮೇಷ್ಟ್ರು ತರಗತಿಗೆ ಇನ್ನೂರ ಹನ್ನೆರಡನ್ನೇ ಹೇಳಿಕೊಡಿಸುತ್ತ ಹೋದರು. ವಾರ್ಷಿಕ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. "ಪುಸ್ತಕದಲ್ಲಿ ಇನ್ನೂರ ಹನ್ನೆರಡು, ನಮ್ಮ ಶಾಲೆಯ ಅಂಗಳದಲ್ಲಿ ಇನ್ನೂರಾರು" ಎಂದು ಬರೆದೆ. ಸೊನ್ನೆ ಬಿತ್ತು. ಆ ಸೊನ್ನೆಯನ್ನೂ ಇಟ್ಟುಕೊಂಡು ಹೈಸ್ಕೂಲಿಗೆ ಹೋದೆ.